ಪಕ್ಕದ ಮನೆ ನಾಯಿ ಕಚ್ಚಿದರೆ ಮೊದಲು ಸೋಪು-ನೀರು, ಆಮೇಲೆ ಮಾತುಕತೆ

ಹೋದ ವರ್ಷದ ಸಂಕ್ರಾಂತಿ ಸಂಜೆ. ಒಂಬತ್ತು ವರ್ಷದ ನನ್ನ ಮಗಳು ಹೊಸ ಲಂಗ ಉಟ್ಟು, ತಟ್ಟೆ ಹಿಡಿದು ಎಳ್ಳು ಬೀರಲು ಹೊರಟಿದ್ದಳು. ಎರಡು ಮನೆ ಆಚೆ ಗೇಟು ತೆರೆದೇ ಇತ್ತು. ಒಳಗೆ ಕಾಲಿಟ್ಟು "ಆಂಟೀ" ಅನ್ನುವಷ್ಟರಲ್ಲಿ ಅವರ ಮನೆಯ ನಾಯಿ ಓಡಿ ಬಂದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಅದೇನು ಗುರುತಿಲ್ಲದ ನಾಯಿಯಲ್ಲ. ಇವಳೇ ಎಷ್ಟೋ ಸಲ ಅದಕ್ಕೆ ಬಿಸ್ಕತ್ತು ಹಾಕಿದ್ದಾಳೆ. ನಾನು ಓಡಿ ಹೋಗಿ ನೋಡಿದರೆ ಸಕ್ಕರೆ ಅಚ್ಚು, ಕೊಬ್ಬರಿ ಚೂರು ಅಂಗಳದ ತುಂಬ ಚೆಲ್ಲಿತ್ತು. ಕಾಲಲ್ಲಿ ಎರಡು ಹಲ್ಲಿನ ಗುರುತು. ಒಂದು ಬರೀ ಗೀರು. ಇನ್ನೊಂದು ಸಣ್ಣ ತೂತು, ಅದರಿಂದ ರಕ್ತ ಇಳಿಯುತ್ತಿತ್ತು.

ಮೂರು ಮಾತು ಒಟ್ಟಿಗೆ ಬಂದವು. ಆ ಮನೆಯ ಆಂಟಿ, "ನಮ್ಮ ರಾಕಿಗೆ ಇಂಜೆಕ್ಷನ್ ಎಲ್ಲಾ ಆಗಿದೆ ಕಣಮ್ಮ, ಏನೂ ಆಗಲ್ಲ" ಎಂದರು. ನಮ್ಮತ್ತೆ, "ಮೊದಲು ಅರಿಸಿನ ಒತ್ತು, ರಕ್ತ ನಿಲ್ಲುತ್ತೆ" ಎಂದರು. ಫೋನಿನಲ್ಲಿ ನನ್ನ ಗಂಡ, "ಹಬ್ಬದ ದಿನ ಡಾಕ್ಟರ್ ಎಲ್ಲಿ ಸಿಗ್ತಾರೆ, ನಾಳೆ ಬೆಳಿಗ್ಗೆ ಹೋದರಾಯ್ತು" ಎಂದರು. ಮೂರೂ ಪ್ರೀತಿಯಿಂದ ಬಂದ ಮಾತುಗಳೇ. ಮೂರೂ ತಪ್ಪು.

ನನ್ನನ್ನು ನಿಜವಾಗಿ ತಡೆದದ್ದು ಇವು ಯಾವುದೂ ಅಲ್ಲ, ದಾಕ್ಷಿಣ್ಯ. ನನಗೆ ಜ್ವರ ಬಂದು ಮಲಗಿದ್ದಾಗ ನಾಲ್ಕು ದಿನ ಸಾರು ಮಾಡಿ ಕಳಿಸಿದ ಆಂಟಿ ಅವರು. ಈಗ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರೆ "ನಿಮ್ಮ ನಾಯಿಗೆ ಹುಚ್ಚು ಹಿಡಿದಿದೆ" ಅಂದ ಹಾಗಾಗುವುದಿಲ್ಲವೇ? ಹಬ್ಬದ ದಿನ ಅವರ ಮನಸ್ಸು ನೋಯುವುದಿಲ್ಲವೇ? ಐದು ನಿಮಿಷ ಹೀಗೇ ನಿಂತಿದ್ದೆ. ಆ ಐದು ನಿಮಿಷ ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ನಾಯಿ ವಿಷಯ ಈಗ ದೇಶದ ತುಂಬ ಚರ್ಚೆಯಲ್ಲಿದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತಲ ಬೀದಿ ನಾಯಿಗಳನ್ನು ಹಿಡಿದು ಆಶ್ರಯ ತಾಣಗಳಿಗೆ ಹಾಕಿ ಎಂದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಸಂತಾನಹರಣ ಮಾಡಿ ಲಸಿಕೆ ಹಾಕಿದ ಮೇಲೆ ಹಿಡಿದ ಜಾಗಕ್ಕೇ ಬಿಡಿ, ರೇಬಿಸ್ (ಹುಚ್ಚುನಾಯಿ ರೋಗ) ಇರುವ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆಗಳಿಂದ ಬೀದಿ ನಾಯಿಗಳನ್ನು ತೆಗೆಯಲು ಹೇಳಿತು. ಟಿವಿ ಹಾಕಿದರೆ ಇದೇ ಜಗಳ. ಆದರೆ ಇದೆಲ್ಲ ಗೇಟಿನ ಆಚೆಗಿನ ನಾಯಿಯ ಮಾತು. ಗೇಟಿನ ಒಳಗಿನ ನಾಯಿ ಕಚ್ಚಿದಾಗ ಸುದ್ದಿ ಬೀದಿ ದಾಟುವುದಿಲ್ಲ. ಎರಡು ಮನೆಯವರು ಮಾತಾಡಿಕೊಂಡು ಮುಗಿಸಿಬಿಡುತ್ತಾರೆ. ಎಷ್ಟೋ ಸಲ ಆ ಮಾತುಕತೆಯಲ್ಲೇ ಇಂಜೆಕ್ಷನ್ನೂ ತಪ್ಪಿಹೋಗುತ್ತದೆ.

ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಲಕ್ಷಣ ಬರುವುದಕ್ಕೆ ಮುಂಚೆ ಸರಿಯಾಗಿ ಚಿಕಿತ್ಸೆ ಆದರೆ ಬಹುತೇಕ ಪೂರ್ತಿ ತಡೆಯಬಹುದು. ಇಷ್ಟು ನಿಚ್ಚಳವಾಗಿ ಎರಡು ದಾರಿ ಇರುವ ಕಾಯಿಲೆ ಬೇರೆ ಇದೆಯೋ ಇಲ್ಲವೋ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಜನರಿಗೆ ಪ್ರಾಣಿ ಕಚ್ಚುತ್ತದೆ. ನಾಲ್ಕರಲ್ಲಿ ಮೂರು ಪಾಲು ನಾಯಿ ಕಡಿತವೇ. ರೇಬಿಸ್‌ನಿಂದ ಸುಮಾರು 5,700 ಜನ ಸಾಯುತ್ತಾರೆ. ಕಚ್ಚಿಸಿಕೊಂಡವರಲ್ಲಿ ಐದರಲ್ಲಿ ಒಬ್ಬರು ಒಂದೂ ಇಂಜೆಕ್ಷನ್ ಹಾಕಿಸಿಕೊಂಡಿರಲಿಲ್ಲ ಎಂಬುದೂ ಅದೇ ಸಮೀಕ್ಷೆಯಲ್ಲಿದೆ. 2025ರಲ್ಲಿ ತೀರಿಕೊಂಡ ಉತ್ತರ ಪ್ರದೇಶದ ಆ ಕಬಡ್ಡಿ ಆಟಗಾರ ನಿಮಗೆ ನೆನಪಿರಬಹುದು. 22 ವರ್ಷ. ಚರಂಡಿಗೆ ಬಿದ್ದ ನಾಯಿಮರಿಯನ್ನು ಎತ್ತಲು ಹೋಗಿ ಸಣ್ಣದಾಗಿ ಕಚ್ಚಿಸಿಕೊಂಡಿದ್ದ. ಮರಿ ತಾನೆ ಎಂದು ಸುಮ್ಮನಾಗಿದ್ದ.

ಹಾಗಾಗಿ ಮೊದಲ ಕೆಲಸ ನಲ್ಲಿ ತೆರೆಯುವುದು. ಗಾಯವನ್ನು ಹರಿಯುವ ನೀರಿಗೆ ಹಿಡಿದು, ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಎರಡು ನಿಮಿಷ ಸಾಲದು, ಗಡಿಯಾರ ನೋಡಿ ಹದಿನೈದು. ರೇಬಿಸ್ ವೈರಸ್ಸಿನ ಮೇಲೆ ಕೊಬ್ಬಿನ ಒಂದು ಪದರ ಇರುತ್ತದೆ. ಎಣ್ಣೆ ಜಿಡ್ಡನ್ನು ಬಿಡಿಸುವ ಹಾಗೆ ಸೋಪು ಆ ಪದರವನ್ನು ಒಡೆಯುತ್ತದೆ, ನೀರು ಕೊಚ್ಚಿಕೊಂಡು ಹೋಗುತ್ತದೆ. ಬಟ್ಟೆ ಒಗೆಯುವ ಸೋಪಾದರೂ ಆದೀತು. ಯಾವುದು ಕೈಗೆ ಸಿಗುತ್ತೋ ಅದು. ನಾನು ಅವಳನ್ನು ಬಚ್ಚಲಲ್ಲಿ ಕೂರಿಸಿ ತೊಳೆದೆ. ಉರಿ ಉರಿ ಎಂದು ಕಿರುಚಿದಳು. ಅತ್ತೆ ಬಾಗಿಲಲ್ಲಿ ನಿಂತು "ಪಾಪ, ಸಾಕು ಬಿಡು" ಎನ್ನುತ್ತಿದ್ದರು. ನಾನು ಬಿಡಲಿಲ್ಲ. ತೊಳೆದ ಮೇಲೆ ಮನೆಯಲ್ಲಿದ್ದ ಬೀಟಾಡಿನ್ ಹಚ್ಚಿದೆ.

ಅರಿಸಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಸೀಮೆಎಣ್ಣೆ, ಗಿಡದ ರಸ ಇವು ಯಾವುವೂ ಬೇಡ. ಇವು ಗಾಯವನ್ನು ಕೆರಳಿಸುತ್ತವೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ. ಹೊಲಿಗೆ ಹಾಕಿ ಎಂದು ನಾವಾಗಿ ಕೇಳುವುದೂ ಬೇಡ. ನಾಯಿ ಕಚ್ಚಿದ ಗಾಯಕ್ಕೆ ಆದಷ್ಟು ಮಟ್ಟಿಗೆ ತಕ್ಷಣ ಹೊಲಿಗೆ ಹಾಕುವುದಿಲ್ಲ. ಹಾಕಲೇಬೇಕಾದರೆ ಮುಂದೆ ಹೇಳುವ ಇಮ್ಯುನೊಗ್ಲೋಬುಲಿನ್ ಕೊಟ್ಟ ಮೇಲೆಯೇ.

ಈಗ "ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ" ಎಂಬ ಮಾತಿಗೆ ಬರೋಣ. ಆಂಟಿ ಸುಳ್ಳು ಹೇಳಲಿಲ್ಲ. ಒಳಗೆ ಹೋಗಿ ರಾಕಿಯ ಲಸಿಕೆ ಪುಸ್ತಕವನ್ನೂ ತಂದು ತೋರಿಸಿದರು. ನೀಲಿ ಅಟ್ಟೆಯ ಸಣ್ಣ ಪುಸ್ತಕ. ಲಸಿಕೆ ಬಾಟಲಿಯ ಸ್ಟಿಕ್ಕರ್ ಅಂಟಿಸಿ ಪಕ್ಕದಲ್ಲಿ ಪಶುವೈದ್ಯರು ಸಹಿ ಮಾಡಿದ್ದರು. 'ಮುಂದಿನ ದಿನಾಂಕ' ಎನ್ನುವ ಕಾಲಂ ನೋಡಿದೆ. ಅದು ಕಳೆದು ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಆಂಟಿಗೂ ಅದು ಆಗಲೇ ಗೊತ್ತಾದದ್ದು. ಮರಿಯಾಗಿದ್ದಾಗ ತಪ್ಪದೆ ಹಾಕಿಸಿದ್ದರು. ಆಮೇಲೆ ವರ್ಷವರ್ಷ ಹಾಕಿಸಬೇಕು ಎನ್ನುವುದು ಮರೆತು ಹೋಗಿತ್ತು. ತುಂಬಾ ಮನೆಗಳಲ್ಲಿ ಆಗುವುದು ಇದೇ ಅಲ್ವಾ?

ಇನ್ನು ದಿನಾಂಕ ಸರಿಯಾಗಿಯೇ ಇತ್ತು ಅಂದುಕೊಳ್ಳಿ. ಆಗಲೂ ವೈದ್ಯರು ಚಿಕಿತ್ಸೆ ಶುರು ಮಾಡಿ ಎಂದೇ ಹೇಳುತ್ತಾರೆ. ಲಸಿಕೆ ಹಾಕಿಸಿದ ನಾಯಿಯಿಂದ ಅಪಾಯ ಕಡಿಮೆ ನಿಜ, ಪೂರ್ತಿ ಇಲ್ಲ ಎನ್ನುವಂತಿಲ್ಲ. ಲಸಿಕೆ ಸರಿಯಾದ ತಣ್ಣಗಿನ ಜಾಗದಲ್ಲಿ ಇತ್ತೋ ಇಲ್ಲವೋ, ನಾಯಿಯ ಮೈಗೆ ಹತ್ತಿತೋ ಇಲ್ಲವೋ, ಪುಸ್ತಕ ನೋಡಿ ಹೇಳಲು ಬರುವುದಿಲ್ಲ. ತಳಿಯ ಲೆಕ್ಕವೂ ಇಲ್ಲಿ ನಡೆಯದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂದು ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಗಾಯ ಎಷ್ಟು ದೊಡ್ಡದು ಎಂಬ ವಿಷಯದಲ್ಲಿ ತಳಿ ಲೆಕ್ಕಕ್ಕೆ ಬರಬಹುದು. ರೇಬಿಸ್‌ಗೆ ಪೊಮೇರಿಯನ್ನೂ ಒಂದೇ, ಮುಧೋಳವೂ ಒಂದೇ.

ಹಬ್ಬದ ದಿನ ಹತ್ತಿರದ ಆರೋಗ್ಯ ಕೇಂದ್ರ ಮುಚ್ಚಿತ್ತು. ಇನ್ನೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಇಮ್ಯುನೊಗ್ಲೋಬುಲಿನ್ ಇರಲಿಲ್ಲ. ಅಲ್ಲಿಂದ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಆಟೋ ಹತ್ತಿದೆವು. ಅಲ್ಲಿದ್ದ ಯುವ ವೈದ್ಯೆ ಗಾಯ ನೋಡಿ ಚೀಟಿಯ ಮೇಲೆ 'ಕೆಟಗರಿ 3' ಎಂದು ಬರೆದರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ.

ನಾಯಿಯನ್ನು ಮುಟ್ಟಿದರೆ, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದರೆ ಅದು ಒಂದನೇ ಕೆಟಗರಿ, ತೊಳೆದುಕೊಂಡರೆ ಸಾಕು. ರಕ್ತ ಬರದ ಗೀರು, ಹಲ್ಲು ತಾಕಿ ಚರ್ಮ ತರಚಿದ್ದು ಎರಡನೆಯದು, ಲಸಿಕೆ ಬೇಕು. ಹಲ್ಲು ಇಳಿದು ರಕ್ತ ಬಂದರೆ, ಮೊದಲೇ ಇದ್ದ ಗಾಯವನ್ನು ನಾಯಿ ನೆಕ್ಕಿದರೆ, ಜೊಲ್ಲು ಕಣ್ಣಿಗೋ ಬಾಯಿಗೋ ಬಿದ್ದರೆ ಮೂರನೆಯದು. ಒಂದೇ ಒಂದು ಹಲ್ಲಿನ ತೂತಾದರೂ ಮೂರನೆಯದೇ. ಇದಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬುಲಿನ್ ಕೂಡ ಬೇಕು.

ಎರಡೂ ಯಾಕೆ? ಜೊಲ್ಲಿನಲ್ಲಿದ್ದ ವೈರಸ್ ಗಾಯದಿಂದ ನರಕ್ಕೆ ಸೇರಿ, ನರದ ದಾರಿಯಲ್ಲೇ ಮೆಲ್ಲಗೆ ಮಿದುಳಿನ ಕಡೆ ಹೋಗುತ್ತದೆ. ಲಸಿಕೆ ಹಾಕಿದ ಮೇಲೆ ನಮ್ಮ ದೇಹ ತಾನೇ ರಕ್ಷಣೆ ತಯಾರಿಸಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ನಡುವಿನ ದಿನಗಳಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ. ಇಮ್ಯುನೊಗ್ಲೋಬುಲಿನ್ ಎಂದರೆ ತಯಾರಾಗಿಯೇ ಬಂದ ರಕ್ಷಣೆ. ಅದನ್ನು ಆದಷ್ಟೂ ಗಾಯದ ಒಳಕ್ಕೆ, ಸುತ್ತಕ್ಕೆ ಚುಚ್ಚುತ್ತಾರೆ. ಎಷ್ಟು ಕೊಡಬೇಕೆಂದು ತೂಕ ನೋಡಿ ಲೆಕ್ಕ ಹಾಕುತ್ತಾರೆ. ನೋವಾಗುತ್ತದೆ. ಮಗಳು ನನ್ನ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದಿದ್ದಳು. ಮುಖ, ತಲೆ, ಕುತ್ತಿಗೆ, ಬೆರಳಿಗೆ ಕಚ್ಚಿದರೆ ಇದನ್ನು ಒಂದು ಗಂಟೆಯೂ ಮುಂದಕ್ಕೆ ಹಾಕಬಾರದು. ಅಲ್ಲಿ ನರಗಳು ಜಾಸ್ತಿ, ಮಿದುಳಿಗೆ ದಾರಿಯೂ ಹತ್ತಿರ. ಮಕ್ಕಳು ಗಿಡ್ಡ ಇರುವುದರಿಂದ ನಾಯಿಯ ಬಾಯಿಗೆ ಎಷ್ಟೋ ಸಲ ಸಿಗುವುದು ಮುಖ, ಕುತ್ತಿಗೆಯೇ. ಇಮ್ಯುನೊಗ್ಲೋಬುಲಿನ್ ಆವತ್ತು ಸಿಗದೇ ಇದ್ದರೆ ಮೊದಲ ಲಸಿಕೆಯಿಂದ ಏಳು ದಿನದೊಳಗೆ ಕೊಡಬಹುದು. ಆಮೇಲೆ ಕೊಟ್ಟು ಪ್ರಯೋಜನವಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ "ಇಂಜೆಕ್ಷನ್ ಕೊಟ್ಟಿದ್ದೇವೆ, ಹೋಗಿ" ಎಂದರೆ ಗಾಯದಿಂದ ರಕ್ತ ಬಂದಿತ್ತು ಎಂದು ಹೇಳಿ, "ಇಮ್ಯುನೊಗ್ಲೋಬುಲಿನ್ ಬೇಕಾ?" ಎಂದು ಬಾಯಿಬಿಟ್ಟು ಕೇಳಿ. ಟಿಟಿ ಇಂಜೆಕ್ಷನ್ ಬೇರೆ, ಇದು ಬೇರೆ. ಟಿಟಿ ಧನುರ್ವಾಯುವಿಗೆ. ಟಿಟಿ ಹಾಕಿಸಿಕೊಂಡು ನಾಯಿ ಕಡಿತದ ಇಂಜೆಕ್ಷನ್ ಆಯ್ತು ಎಂದುಕೊಂಡವರನ್ನು ನಾನೇ ನೋಡಿದ್ದೇನೆ.

ಲಸಿಕೆಯ ಲೆಕ್ಕ ಸುಲಭ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಎರಡೂ ತೋಳಿಗೆ ಚರ್ಮದಲ್ಲೇ ಸಣ್ಣದಾಗಿ ಚುಚ್ಚುತ್ತಾರೆ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ನಮಗೆ ಜನವರಿ 14, 17, 21, ಫೆಬ್ರುವರಿ 11 ಬಂತು. ಖಾಸಗಿಯಲ್ಲಿ ಸಾಮಾನ್ಯವಾಗಿ ತೋಳಿನ ಮಾಂಸಖಂಡಕ್ಕೆ ಕೊಡುತ್ತಾರೆ. ಅಲ್ಲಿ 14ನೇ ದಿನವೂ ಸೇರಿ ಒಟ್ಟು ಐದು. ಎರಡೂ ಸರಿಯೇ. ಯಾವುದಾದರೂ ಸೊಂಟಕ್ಕೆ ಮಾತ್ರ ಕೊಡುವಂತಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಇನ್ನೂ ಹಳೆಯ ತಲೆಗಳಲ್ಲಿ ಉಳಿದಿದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. 2004ರ ಕೊನೆಗೇ ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತಿದೆ.

ಬಸುರಿ, ಬಾಣಂತಿ, ಎಳೆ ಮಗು, ಮುದುಕರು ಯಾರಿಗೂ ಈ ಲಸಿಕೆ ನಿಷಿದ್ಧವಲ್ಲ. ಕಚ್ಚಿ ವಾರಗಳಾಗಿದ್ದರೂ ಈಗಲೇ ಹೋಗಿ ಶುರು ಮಾಡಬೇಕು. ಸಾಮಾನ್ಯವಾಗಿ ಲಕ್ಷಣ ಬರುವುದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವರಿಗೆ ವರ್ಷವೂ ದಾಟಬಹುದು. ಪಥ್ಯದ ಮಾತೂ ಬರುತ್ತದೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೊಟ್ಟೆ ಮಾಂಸ ಮುಟ್ಟಬೇಡಿ ಎಂದು ನಮ್ಮ ಮನೆಗೂ ನಾಲ್ಕು ಜನ ಹೇಳಿ ಹೋದರು. ಈ ಲಸಿಕೆಗೆ ಯಾವ ಪಥ್ಯವೂ ಇಲ್ಲ. ಮಗಳು ಮಾರನೆಯ ದಿನವೇ ಎಣ್ಣೆಗಾಯಿ ತಿಂದಳು.

ನಾಟಿ ಔಷಧಿಯದು ಇದಕ್ಕಿಂತ ಗಟ್ಟಿ ನಂಬಿಕೆ. "ಆ ಊರಲ್ಲಿ ಸೊಪ್ಪಿನ ರಸ ಕೊಡ್ತಾರೆ, ಕುಡಿದವರೆಲ್ಲ ಚೆನ್ನಾಗಿದ್ದಾರಲ್ಲ" ಎನ್ನುತ್ತಾರೆ. ಚೆನ್ನಾಗಿರುವುದು ನಿಜ. ಯಾಕೆಂದರೆ ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬಿಸ್ ಇರುವುದೇ ಇಲ್ಲ. ಏನೂ ಕುಡಿಯದಿದ್ದರೂ ಅವರು ಚೆನ್ನಾಗಿಯೇ ಇರುತ್ತಿದ್ದರು. ರೇಬಿಸ್ ಇದ್ದ ನಾಯಿ ಕಚ್ಚಿದವರು ಆ ರಸ ಕುಡಿದು ಏನಾದರು ಎಂಬುದನ್ನು ಹೇಳಲು ಅವರು ವಾಪಸ್ ಬರುವುದಿಲ್ಲ.

ಬೀದಿ ನಾಯಿಯಲ್ಲಿ ಇಲ್ಲದ ಒಂದು ಅನುಕೂಲ ಪಕ್ಕದ ಮನೆ ನಾಯಿಯಲ್ಲಿದೆ. ಅದು ಎಲ್ಲಿದೆ ಎಂದು ನಮಗೆ ಗೊತ್ತು. ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವ ಹೊತ್ತಿಗೆ ಅದರ ಕೊನೆಯ ದಿನಗಳು ಹತ್ತಿರವಾಗಿರುತ್ತವೆ. ಆದ್ದರಿಂದ ಕಚ್ಚಿದ ಹತ್ತು ದಿನದ ನಂತರವೂ ನಾಯಿ ಉಂಡು, ತಿಂದು, ಆರಾಮವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ಅರ್ಥ. ಈ ಹತ್ತು ದಿನದ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಆಗ ಉಳಿದ ಡೋಸ್ ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ಹತ್ತು ದಿನ ನೋಡೋಣ, ಆಮೇಲೆ ಇಂಜೆಕ್ಷನ್" ಎನ್ನುತ್ತಾರೆ. ಹಾಗಲ್ಲ. ಇಂಜೆಕ್ಷನ್ ಶುರು ಮಾಡಿಕೊಂಡೇ ನೋಡಬೇಕು.

ಅದಕ್ಕೇ ನಾಯಿ ಕಣ್ಣ ಮುಂದೆ ಇರಬೇಕು. ನಮ್ಮ ಕಡೆ ಎಷ್ಟೋ ಜನ ಮುಜುಗರಕ್ಕೋ ಜಗಳದ ಭಯಕ್ಕೋ ಕಚ್ಚಿದ ನಾಯಿಯನ್ನು ರಾತ್ರೋರಾತ್ರಿ ಊರಿನ ತೋಟಕ್ಕೆ ಸಾಗಿಸಿಬಿಡುತ್ತಾರೆ. ಕೆಲವರು ದೂರ ಬಿಟ್ಟು ಬರುತ್ತಾರೆ. ಇದರಿಂದ ಕಚ್ಚಿಸಿಕೊಂಡವರ ಕೈಲಿದ್ದ ಒಂದೇ ಒಂದು ಸುಳಿವು ಹೋಗುತ್ತದೆ. ಕಚ್ಚಿಸಿಕೊಂಡವರ ಕಡೆಯವರು ಸಿಟ್ಟಿನಲ್ಲಿ ನಾಯಿಯನ್ನು ಹೊಡೆದು ಹಾಕಿದರೂ ಅಷ್ಟೆ. ವಿಷ ಹಾಕುವುದಂತೂ ಅಪರಾಧ. ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) ಬದಲು ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಐದು ವರ್ಷದವರೆಗೆ ಜೈಲು ಆಗಬಹುದು. ನಾನು ಆಂಟಿಗೆ ಹೇಳಿದ್ದು ಇಷ್ಟೆ: "ಆಂಟಿ, ಹತ್ತು ದಿನ ರಾಕಿನ ಕಟ್ಟಿ ಹಾಕಿ. ಊಟ ಬಿಟ್ಟರೆ, ಜೊಲ್ಲು ಸುರಿಸಿದರೆ, ಮಂಕಾದರೆ ನನಗೂ ಹೇಳಿ, ಪಶುವೈದ್ಯರಿಗೂ ಹೇಳಿ. ಹಾಗೇನಾದರೂ ಆದರೆ ನಿಮ್ಮ ಮನೆಯವರೆಲ್ಲರೂ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಾಗಬಹುದು." ಆ ಕೊನೆಯ ಮಾತಿಗೆ ಅವರ ಮುಖ ಬದಲಾಯಿತು. ಅಲ್ಲಿಯವರೆಗೆ ನಾನು ಅವರ ನಾಯಿಯ ಮೇಲೆ ದೂರು ಹೇಳುತ್ತಿದ್ದೇನೆ ಎಂದುಕೊಂಡಿದ್ದರು. ಅವರ ಮೊಮ್ಮಗ ದಿನಾ ಅದರ ಬಾಯಿಗೆ ಕೈ ಹಾಕಿ ಆಡುತ್ತಾನೆ.

ಮಾತುಕತೆ ಇಲ್ಲಿಂದ ಶುರುವಾಗಬೇಕು, ಚಿಕಿತ್ಸೆ ಶುರುವಾದ ಮೇಲೆ. ಕೆಲವು ಮನೆಗಳಲ್ಲಿ ಅದು ಚೆನ್ನಾಗಿ ಮುಗಿಯುತ್ತದೆ. ಖರ್ಚು ಕೊಡುತ್ತಾರೆ, ಗೇಟಿಗೆ ಚಿಲಕ ಹಾಕುತ್ತಾರೆ. ಕೆಲವು ಕಡೆ "ನಿಮ್ಮ ಮಗು ಯಾಕೆ ಒಳಗೆ ಬಂತು?" ಎಂಬ ಪ್ರಶ್ನೆ ಬರುತ್ತದೆ. ಯಾವುದಾಗುತ್ತದೆ ಎಂದು ಮೊದಲ ದಿನ ಗೊತ್ತಾಗುವುದಿಲ್ಲ. ಆದ್ದರಿಂದ ಕಾಗದ ಪತ್ರ ಮೊದಲ ದಿನದಿಂದಲೇ ಇರಲಿ. ಆಸ್ಪತ್ರೆಯ ಚೀಟಿಯಲ್ಲಿ ಯಾವಾಗ, ಎಲ್ಲಿ ಕಚ್ಚಿತು, ಸಾಕಿದ ನಾಯಿ ಎಂದು ಬರೆಸಿಕೊಳ್ಳಿ. ಗಾಯದ ಫೋಟೊ ತೆಗೆದಿಡಿ. ಬಿಲ್ಲು, ಆಟೋ ಖರ್ಚು ಬರೆದಿಡಿ. ಎದುರು ಮನೆಯ ಸಿಸಿಟಿವಿ ಇದ್ದರೆ ಅಳಿಸಿ ಹೋಗುವ ಮುಂಚೆ ಕೇಳಿ ಪಡೆಯಿರಿ. ಇದು ಜಗಳದ ತಯಾರಿ ಅಲ್ಲ. ಲೆಕ್ಕ ಬರೆದಿಟ್ಟರೆ ಮಾತು ಕಡಿಮೆಯಲ್ಲಿ ಮುಗಿಯುತ್ತದೆ.

ಮಾತಿಗೆ ಬಗ್ಗದಿದ್ದರೆ ಕಾನೂನು ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 291ನೇ ಸೆಕ್ಷನ್, ತನ್ನ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಥವಾ ಭಾರಿ ಗಾಯಕ್ಕೆ ಕಾರಣವಾಗಬಹುದಾದ ಅಪಾಯವನ್ನು ತಡೆಯಲು ಬೇಕಾದ ಎಚ್ಚರಿಕೆ ವಹಿಸದವರ ಬಗ್ಗೆ ಹೇಳುತ್ತದೆ. ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ಇದೇ ಅಪರಾಧಕ್ಕೆ ದಂಡ 1,000 ರೂಪಾಯಿ ಇತ್ತು. ನಿರ್ಲಕ್ಷ್ಯದಿಂದ ಗಾಯವಾದರೆ 125ನೇ ಸೆಕ್ಷನ್ನೂ ಇದೆ. ಭಾರಿ ಗಾಯವಾಗಿದ್ದರೆ ಅದರಲ್ಲಿ ಮೂರು ವರ್ಷದವರೆಗೆ ಶಿಕ್ಷೆ.

ಈ ಸೆಕ್ಷನ್‌ಗಳ ಜೀವಾಳ 'ನಿರ್ಲಕ್ಷ್ಯ' ಎಂಬ ಮಾತು. ಎಂದೂ ಕಚ್ಚದ ನಾಯಿ ಒಮ್ಮೆ ಕಚ್ಚಿತು ಎಂದರೆ ನಿರ್ಲಕ್ಷ್ಯ ತೋರಿಸುವುದು ಕಷ್ಟ. ಮೊದಲೇ ಇಬ್ಬರನ್ನು ಕಚ್ಚಿದ ನಾಯಿಯನ್ನು ಗೇಟು ತೆರೆದು ಬಿಟ್ಟರೆ ಆ ಮಾತೇ ಬೇರೆ. ಆ "ಮೊದಲೇ ಇಬ್ಬರು" ಸುಮ್ನೆ ಮನೆಗೆ ಹೋಗಿಬಿಟ್ಟಿದ್ದರೆ ಮೂರನೆಯವರ ಕೈಯಲ್ಲಿ ಏನೂ ಇರುವುದಿಲ್ಲ. ದಾಕ್ಷಿಣ್ಯ ಮಾಡಿಕೊಂಡವರು ನಾವು, ಕಚ್ಚಿಸಿಕೊಳ್ಳುವುದು ಮುಂದಿನ ಮಗು. ಪೊಲೀಸ್ ದೂರು ಬೇಡವೆನಿಸಿದರೆ ಬೇಡ. ಅಪಾರ್ಟ್‌ಮೆಂಟ್ ಸಂಘಕ್ಕೋ, ನಗರ ಪಾಲಿಕೆಗೋ, ಪಂಚಾಯಿತಿಗೋ ಒಂದು ಸಾಲು ಬರೆದು ಕೊಟ್ಟು ನಕಲು ಇಟ್ಟುಕೊಳ್ಳಿ. ಸಂಘಗಳಿಗೂ ಒಂದು ಮಾತು. ನಾಯಿ ಸಾಕಲೇಬಾರದು ಎಂದು ನಿಷೇಧ ಹಾಕಲು ನಿಮಗೆ ಬರುವುದಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಇದನ್ನು ಹೇಳಿದೆ. ಲಿಫ್ಟಿನಲ್ಲಿ, ಅಂಗಳದಲ್ಲಿ ಬೆಲ್ಟು ಹಿಡಿದುಕೊಳ್ಳಿ, ಲಸಿಕೆ ಪುಸ್ತಕ ತೋರಿಸಿ ಎಂದು ಕೇಳಬಹುದು. ಕೇಳಲೇಬೇಕು.

ದಂಡದ ಹಣ ಸಾಮಾನ್ಯವಾಗಿ ಸರ್ಕಾರಕ್ಕೆ ಹೋಗುತ್ತದೆ. ಚಿಕಿತ್ಸೆಯ ಖರ್ಚು, ಪರಿಹಾರ ಬೇಕೆಂದರೆ ಸಿವಿಲ್ ದಾರಿ ಹಿಡಿಯಬೇಕು. ಅದಕ್ಕೂ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡುವುದು ನನಗೆ ಒಳ್ಳೆಯದೆನಿಸುತ್ತದೆ. ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸಲು ಅಲ್ಲಿ ಅವಕಾಶ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ನಾಳೆಯೂ ಅದೇ ಬೀದಿಯಲ್ಲಿ ಬದುಕಬೇಕಾದವರಿಗೆ ಕೋರ್ಟಿನ ಮೆಟ್ಟಿಲಿಗಿಂತ ಈ ಮೇಜು ಹತ್ತಿರ.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಜನವರಿ 24ಕ್ಕೆ ಹತ್ತು ದಿನ ತುಂಬಿತು. ಸಂಜೆ ಹೋಗಿ ನೋಡಿದೆ. ರಾಕಿ ಸರಪಳಿಯಲ್ಲಿತ್ತು, ತಟ್ಟೆ ನೆಕ್ಕುತ್ತಿತ್ತು. ಪುಸ್ತಕದಲ್ಲಿ ಹೊಸ ಸ್ಟಿಕ್ಕರ್ ಹಚ್ಚಿಸುವ ದಿನಕ್ಕೆ ಆಂಟಿ ಪಶುವೈದ್ಯರ ಬಳಿ ಹೆಸರು ಬರೆಸಿ ಬಂದಿದ್ದರು. ನಮ್ಮ ವೈದ್ಯೆ ಕೊನೆಯ ಡೋಸ್ ಹಾಕಿಸಿಬಿಡಿ ಎಂದರು, ಹಾಕಿಸಿದೆವು. ಫೆಬ್ರುವರಿ 11ರಂದು ಕೊಟ್ಟ ಆ ಲಸಿಕೆ ಕಾರ್ಡನ್ನು ಮಗಳ ಆಧಾರ್ ಇಟ್ಟಿರುವ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿದ್ದೇನೆ. ಮುಂದೆ ಯಾವತ್ತಾದರೂ ಮತ್ತೆ ನಾಯಿ ಕಚ್ಚಿದರೆ ಆ ಕಾರ್ಡ್ ತೋರಿಸಿದರೆ ಸಾಕು. ಆಗ ಎರಡೇ ಡೋಸ್, ಮೊದಲ ದಿನ ಒಂದು, ಆ ದಿನವನ್ನು ಸೊನ್ನೆ ಎಂದು ಎಣಿಸಿ 3ನೇ ದಿನ ಒಂದು. ಗಾಯದೊಳಕ್ಕೆ ಚುಚ್ಚುವ ಆ ಇಮ್ಯುನೊಗ್ಲೋಬುಲಿನ್ ಬೇಕಾಗುವುದಿಲ್ಲ. ಸೋಪು-ನೀರು ಮಾತ್ರ ಆಗಲೂ ಹದಿನೈದು ನಿಮಿಷವೇ.